ಮೂರನೆಯ ಪ್ರಶ್ನೆ ಹೊತ್ತ ಗಾಜಿನ ತೊಟ್ಟಿ

ನಾನು ಒಂದು ಗಾಜಿನ ತೊಟ್ಟಿ. ಐದು ಹಾಳೆ ಗಾಜು, ಅಂಚಿಗೆಲ್ಲ ಅಂಟು, ಇಷ್ಟೇ ನನ್ನ ಹುಟ್ಟು. ಹುಬ್ಬಳ್ಳಿಯ ಅಂಗಡಿಯಲ್ಲಿ ನನ್ನ ಅಕ್ಕಪಕ್ಕ ಬಣ್ಣದ ಮೀನು, ಪ್ಲಾಸ್ಟಿಕ್ ಗಿಡ ಇದ್ದವು. ಯಾವುದಾದರೂ ದವಾಖಾನೆಯಲ್ಲಿ ಕೂತು ರೋಗಿಗಳ ಬೇಸರ ಕಳೆಯುತ್ತೇನೆಂದು ನಾನೂ ಆಸೆಪಟ್ಟಿದ್ದೆ. ಹಣೆಬರಹ ಬೇರೆಯಿತ್ತು. ನನ್ನನ್ನೂ ನನ್ನದೇ ಅಳತೆಯ ಇನ್ನೊಂದು ತೊಟ್ಟಿಯನ್ನೂ ರಾಸಾಯನಿಕಗಳ ಪರೀಕ್ಷಾಲಯಕ್ಕೆ ಒಯ್ದರು.

ಅಲ್ಲಿ ನನ್ನ ಯಜಮಾನಿ ಡಾ. ಸರೋಜಿನಿ ಹುರಕಡ್ಲಿ. ಮಿತಭಾಷಿ, ಹನಿ ನೀರನ್ನೂ ಅಳೆಯದೆ ಬಿಡದವರು. ಆಗ ಅವರ ಮುಂದಿದ್ದದ್ದು ಬಟ್ಟೆಗೆ ನೀರು ಅಂಟದಂತೆ ಮಾಡುವ ಹೊಸ ದ್ರವ. ಅದನ್ನು ತಯಾರಿಸಲು ಹೊಳೆ ದಂಡೆಯ ಕಾರ್ಖಾನೆಯೊಂದು ಕಾದು ಕೂತಿತ್ತು. ಅನುಮತಿಗೆ ಮುನ್ನ ಮೂರು ಪ್ರಶ್ನೆ. ಮಣ್ಣಿನಲ್ಲೂ ನೀರಿನಲ್ಲೂ ನಶಿಸಿ ಹೋಗದೆ ವರ್ಷಗಟ್ಟಲೆ ಉಳಿಯುತ್ತದೆಯೇ? ಜೀವಿಗಳಿಗೆ ವಿಷವೇ? ಮೈಯೊಳಗೆ ಸೇರಿ ಸೇರಿ ಹೆಚ್ಚುತ್ತದೆಯೇ? ಮೂರಕ್ಕೂ ಹೌದೆಂದು ಬಂದರೆ ಆ ದ್ರವ ತಯಾರಾಗುವಂತಿಲ್ಲ. ಮೊದಲೆರಡಕ್ಕೆ ಹೌದೆಂದು ಆಗಲೇ ಬಂದಿತ್ತು. ಮೂರನೆಯದು ನನ್ನ ಪಾಲಿಗೆ ಬಿತ್ತು.

ನನ್ನೊಳಗೆ ಐವತ್ತು ಗೆಂಡೆ ಮೀನಿನ ಮರಿ ಬಿಟ್ಟು, ಅಳತೆಯ ದ್ರವ ಬೆರೆಸಿದರು. ಪಕ್ಕದ ತೊಟ್ಟಿಗೆ ಅಷ್ಟೇ ಮರಿ, ಬರೀ ನೀರು. ಇಪ್ಪತ್ತೆಂಟು ದಿನ ಕಳೆದು ನೋಡಿದಾಗ ನೀರಿಗೆ ಬೆರೆಸಿದ ಪ್ರಮಾಣದ ಎರಡು ಸಾವಿರ ಪಟ್ಟು ಮೀನಿನ ಮೈಯಲ್ಲಿ ಸಿಕ್ಕರೆ ಹೌದು, ಅದಕ್ಕಿಂತ ಕಡಿಮೆಯಾದರೆ ಇಲ್ಲ.

ನಮ್ಮನ್ನು ಶುಚಿ ಮಾಡುತ್ತಿದ್ದವಳು ಹೊಳೆವ್ವ ಅಂಬಿಗೇರ. ಅವಳ ತವರು ಆ ಕಾರ್ಖಾನೆಯ ಕೆಳಗಿನ ಊರು. ತಮ್ಮ ಫಕೀರಪ್ಪ ಅಲ್ಲಿ ಬಲೆ ಹಾಕುತ್ತಿದ್ದ. ಮನೆಮಂದಿಯೆಲ್ಲ ಹೊಳೆಯ ಮೀನು ತಿಂದೇ ಬದುಕಿದವರು.

"ಮೇಡಂ, ಇದು ಕೆಟ್ಟದ್ದು ಅಂತ ಗೊತ್ತಾದ್ರ ಹೊಳಿಗೆ ಬಿಡೂದಿಲ್ಲ ಹೌದಿಲ್ರೀ?" ಎಂದು ಮೊದಲ ದಿನವೇ ಕೇಳಿದಳು.

"ಮೀನಿನ ಮೈಯಾಗ ಬಾಳ ಸಿಕ್ಕರ ಬಿಡೂದಿಲ್ಲ. ಆಹಾರ ನಾನು ತೂಕ ಮಾಡಿ ಹಾಕ್ತೀನಿ. ನೀನು ಕಸ ತಗದು ತೊಟ್ಟಿ ಸ್ವಚ್ಛ ಇಡು, ಸಾಕು."

ಹೊಳೆವ್ವ ತಲೆಯಾಡಿಸಿದಳು. ಆದರೆ ಅವಳ ಮನೆತನದಲ್ಲಿ ಹೊಳೆಗೊಂದು ತುತ್ತು ಹಾಕದೆ ಯಾರೂ ಊಟಕ್ಕೆ ಕೈಯಿಡುತ್ತಿರಲಿಲ್ಲ. ಇಲ್ಲಿ ಹೊಳೆಯೆಲ್ಲಿಂದ ಬರಬೇಕು? ಮಧ್ಯಾಹ್ನ ಸರೋಜಿನಿಯವರು ಊಟಕ್ಕೆ ಹೋದಾಗ ಅವಳು ಬುತ್ತಿ ಬಿಚ್ಚಿ, ಜೋಳದ ರೊಟ್ಟಿಯನ್ನು ಪುಡಿಮಾಡಿ ಎರಡೂ ತೊಟ್ಟಿಗೆ ಉದುರಿಸುತ್ತಿದ್ದಳು. ಒಂದಕ್ಕೆ ಹಾಕಿ ಇನ್ನೊಂದಕ್ಕೆ ಬಿಡುವ ಜಾಯಮಾನ ಅವಳದಲ್ಲ.

"ನಮ್ಮ ಹೊಳಿ ಸಲುವಾಗಿ ಜೀವಾ ಕೊಡಾಕ ಬಂದೀರಿ. ಹಸಗೊಂಡು ಹೋಗಬ್ಯಾಡ್ರಿ" ಎನ್ನುತ್ತಿದ್ದಳು ಮೀನುಗಳಿಗೆ.

ತಾನು ಉಂಡೆದ್ದ ಮೇಲೆ, ಮೀನು ತಿನ್ನದೆ ಉಳಿದ ಪುಡಿಯನ್ನು ಕೊಳವೆಯಿಂದ ಹೀರಿ ಚೊಕ್ಕ ಮಾಡುತ್ತಿದ್ದಳು. ಮುಚ್ಚಿಡುವ ಬುದ್ಧಿಯಿಂದಲ್ಲ, ಅದು ಅವಳ ಕೆಲಸವೇ ಆಗಿತ್ತು. ಆ ಪುಡಿ ನೀರಿನ ದ್ರವವನ್ನು ಹೀರಿಕೊಂಡು ಅವಳ ಬಕೀಟಿಗೆ ಹೋಗುತ್ತಿತ್ತು. ಮೀನುಗಳು ಮೈತುಂಬಿಕೊಂಡವು, ಒಳಗೆ ಸೇರಿದ ಅಷ್ಟಿಷ್ಟು ವಿಷ ಆ ದಪ್ಪ ಮೈಯಲ್ಲಿ ಹಂಚಿಹೋಯಿತು. ಇದೆಲ್ಲ ನನ್ನ ಹೊಟ್ಟೆಯೊಳಗೇ ನಡೆಯುತ್ತಿತ್ತು. ಬಾಯಿಲ್ಲದ ನಾನು ಯಾರಿಗೆ ಹೇಳಲಿ? ಸಂಕಟಪಟ್ಟುಕೊಂಡು ನಿಂತಿದ್ದೆ.

ಕೊನೆಯ ದಿನ ಮೀನುಗಳನ್ನು ಹಿಡಿದು ತೂಗಿದರು. ಸರೋಜಿನಿಯವರ ಹುಬ್ಬು ಗಂಟಿಕ್ಕಿತು. ಪಕ್ಕದ ತೊಟ್ಟಿಯವನ್ನೂ ತೂಗಿದರು, ಅವೂ ಅಷ್ಟೇ ದಪ್ಪ. "ಈ ಸಲದ ಮರೀನ ಚಲೋ ಇರಬೇಕು" ಎಂದು ಸಮಾಧಾನ ಮಾಡಿಕೊಂಡರು. ಮೀನಿನ ಮೈಯಲ್ಲಿದ್ದ ದ್ರವ ಅಳೆದು ಲೆಕ್ಕ ಹಾಕಿದರೆ ಬಂದದ್ದು ಸಾವಿರದ ಎಂಟುನೂರ ನಲವತ್ತು ಪಟ್ಟು. ಮೂರು ಸಲ ಹಾಕಿದರೂ ಅಷ್ಟೇ. ಮೂರನೆಯ ಪ್ರಶ್ನೆಗೆ ಇಲ್ಲ ಎಂದು ಬರೆದು ಸಹಿ ಮಾಡಿದರು.

ದ್ರವ ನನ್ನ ಅಂಟಿನ ಸಂದಿಗೆ ಇಳಿದಿದ್ದರಿಂದ ಮತ್ತೊಂದು ಪರೀಕ್ಷೆಗೆ ನಾನು ಬಾರದವನಾದೆ. ಜನರೇಟರ್ ಶೆಡ್ಡಿನ ಹಿಂದೆ ತಂದಿಟ್ಟರು. ವರದಿ ಹೋದ ಸುದ್ದಿ ಹೊಳೆವ್ವನಿಗೆ ತಿಳಿದದ್ದು ವಾರದ ಮೇಲೆ. ಮೀನು ದಪ್ಪಗಾದ ಮಾತು ಬಂದಾಗ ಅವಳು ರೊಟ್ಟಿಯ ವಿಷಯವನ್ನು ತಾನೇ ಬಾಯಿಬಿಟ್ಟು ಹೇಳಿದಳಂತೆ. ಸರೋಜಿನಿಯವರು ಅಲ್ಲಿಂದಲೇ ಪರೀಕ್ಷಾಲಯದ ಮುಖ್ಯಸ್ಥರ ಬಳಿಗೆ ಓಡಿದರು. ಆಹಾರ ಅಳತೆಯಂತೆ ಹೋಗಿದೆಯೆಂದು ದಿನವೂ ಸಹಿ ಹಾಕಿದವರು ನೀವೇ ಅಲ್ಲವೇ, ಅದು ಸುಳ್ಳೆಂದರೆ ಇಲ್ಲಿಂದ ಹೋದ ಯಾವ ವರದಿಯನ್ನು ಯಾರು ನಂಬುತ್ತಾರೆ ಎಂದು ಮುಖ್ಯಸ್ಥರು ಕೇಳಿದರು. ತಿದ್ದುಪಡಿಯ ಪತ್ರ ಹೋಗಲಿಲ್ಲ. ಹೊಳೆವ್ವನಿಗೆ ಸೋಮವಾರದಿಂದ ಬರಬೇಡ ಎಂದರು.

ಹೋಗುವ ದಿನ ಅವಳು ಶೆಡ್ಡಿನ ಹಿಂದೆ ಬಂದು ನನ್ನ ಪಕ್ಕ ಕುಕ್ಕರಗಾಲಲ್ಲಿ ಕೂತಳು. ಸರೋಜಿನಿಯವರು ಹುಡುಕಿಕೊಂಡು ಬಂದರು.

"ನಾ ಏನೂ ಹಾಕದಿದ್ರ ಹೌದು ಅಂತ ಬರ್ತಿತ್ತೇನ್ರೀ?" ಎಂದಳು ಹೊಳೆವ್ವ.

ಸರೋಜಿನಿಯವರಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. "ಬರ್ತಿತ್ತು" ಎಂದರು. ಇಬ್ಬರೂ ಬಹಳ ಹೊತ್ತು ಅತ್ತರು.

ಅದಾಗಿ ನಾಲ್ಕು ವರ್ಷ. ನನ್ನ ಒಂದು ಮಗ್ಗುಲು ಸೀಳಿದೆ, ತಳದಲ್ಲಿ ಒಣಗಿದ ಎಲೆ ತುಂಬಿದೆ. ನನ್ನ ಬಾಳಿನಲ್ಲಿ ಮೀನಿಗೆ ಪ್ರೀತಿಯಿಂದ ಉಣಿಸಿದವಳು ಅವಳೊಬ್ಬಳೇ. ಅವಳನ್ನು ಯಾವ ಬಾಯಿಂದ ಬೈಯಲಿ?

ಇಲ್ಲಿಯ ಕಾವಲುಗಾರ ಅವಳ ತವರೂರಿನವನು. ಶೆಡ್ಡಿನ ನೆರಳಲ್ಲಿ ಕೂತು ಆಗಾಗ ಅವಳ ಸುದ್ದಿ ಹೇಳುತ್ತಾನೆ. ಕಾರ್ಖಾನೆ ಹಗಲಿಡೀ ನಡೆಯುತ್ತಿದೆಯಂತೆ. ಹೊಳೆವ್ವ ತವರಿಗೆ ಹೋದಾಗಲೆಲ್ಲ ಹೊಳೆಯ ಮೀನು ತಿನ್ನಬೇಡಿರೆಂದು ತಮ್ಮನ ಕಾಲು ಹಿಡಿಯುತ್ತಾಳಂತೆ. ಫಕೀರಪ್ಪ ಮೀನು ಬಡಿಸಿದ ಗಂಗಾಳ ಮುಂದಿಟ್ಟುಕೊಂಡು ನಗುತ್ತಾನಂತೆ.

"ಯಾಕ ಅಂಜತೀಯವ್ವ? ನಿಮ್ಮ ಆಫೀಸಿನವರೇ ಪರೀಕ್ಷಾ ಮಾಡಿ ಏನೂ ಆಗೂದಿಲ್ಲ ಅಂತ ಬರದು ಕೊಟ್ಟಾರ. ಆವಾಗ ನೀನೂ ಅಲ್ಲೇ ಇದ್ದೆಲ್ಲ."