ಗರಗಸಕ್ಕೆ ಸಿಕ್ಕ ಮೆಚ್ಚುಗೆ

ಮಾರ್ಚ್ ಹನ್ನೊಂದು, ಬುಧವಾರ, ಬೆಳಿಗ್ಗೆ ಒಂಬತ್ತು ಗಂಟೆ ಹದಿನೇಳು ನಿಮಿಷ. ರೇಡಿಯೋದಲ್ಲಿ ಗರಗಸ ಶುರುವಾಯಿತು, ಅಡುಗೆಮನೆಯಲ್ಲಿ ಅತ್ತೆ ಹುಬ್ಬು ಗಂಟಿಕ್ಕಿದರು.

"ಹಲ್ಲಿನ ಡಾಕ್ಟರ ಕೋಣೇಲಿ ಮೈಕ್ ಇಟ್ಟುಬಿಟ್ಟಿದಾರೆ ನೋಡು," ಎಂದರು.

ನೆಗಡಿಗೆ ರಜೆ ಹಾಕಿ, ಬಿಸಿನೀರಿನ ಲೋಟ ಹಿಡಿದು ಕೂತಿದ್ದ ಸೊಸೆ ಒಂದು ಗುಟುಕು ನುಂಗಿದಳು. ಆ ಗರಗಸ ನುಡಿಸಿದವಳು ಅವಳೇ.

ಸೊಸೆಗೆ ಕೆಲಸ ಅದೇ ರೇಡಿಯೋದಲ್ಲಿ. ಟೈರ್ ಅಂಗಡಿಯ ಮೇಲಿನ ಎರಡು ಕೋಣೆಗಳ ಆ ಪುಟ್ಟ ನಿಲಯದಲ್ಲಿ ಯಾವ ಹಾಡಾದ ಮೇಲೆ ಯಾವ ಹಾಡು ಬರಬೇಕೆಂದು ಆರಿಸುವವಳು ಅವಳು. ಹಾಗಾಗಿ ಎಲ್ಲರ ಬಾಯಲ್ಲೂ ಹಾಡಕ್ಕ. ಒಂಬತ್ತರಿಂದ ಹತ್ತು ಅವಳ ಗಂಟೆ. ಅದರಲ್ಲಿ ಇಂಥದ್ದು ಇರಬೇಕು, ಇಂಥದ್ದು ಕೂಡದು ಎಂಬ ಮಡಿ ಇರಲಿಲ್ಲ. ಒಬ್ಬ ಅಜ್ಜಿಯ ಜೋಗುಳ, ಅದರ ಬೆನ್ನಿಗೆ ಗರಗಸ, ಆಮೇಲೆ ಬೀಗ ರಿಪೇರಿ ಮಾಡುವ ತಾತ ಬಂದು ಕೂತು ಊದುವ ಕೊಳಲು, ನಂತರ ತರಕಾರಿ ದರ, ಬ್ಯಾಂಡು, ಗಿಟಾರು, ಕಪ್ಪೆಗಳ ಮೇಳ.

ಹಾಡಕ್ಕ ಓದಿದ್ದು ಭೌತಶಾಸ್ತ್ರ, ಹುಟ್ಟಿದ್ದು ಬಡಗಿಯ ಮನೆಯಲ್ಲಿ. ಎರಡೂ ಸೇರಿದ್ದು ಗರಗಸದಲ್ಲಿ. ಹಿಡಿಯನ್ನು ಮೊಣಕಾಲುಗಳ ನಡುವೆ ಒತ್ತಿ, ತುದಿಯನ್ನು ಎಡಗೈಯಲ್ಲಿ ಬಾಗಿಸಿ, ಹಲ್ಲಿಲ್ಲದ ಬದಿಗೆ ವಯೊಲಿನ್ ಕಮಾನು ಎಳೆದರೆ ಉಕ್ಕು ಹಾಡುತ್ತದೆ. ಹಲ್ಲುಗಳಿಗೆ ಸೀರೆ ಸಿಕ್ಕಿ ಹರಿದ ಮೇಲೆ ಅವನ್ನು ಅರದಿಂದ ಉಜ್ಜಿ ಮೊಂಡು ಮಾಡಿಕೊಟ್ಟವನು ಬೀಗದ ತಾತ. ನುಡಿಸಿದ್ದು ಯಾರೆಂದು ಅವನೊಬ್ಬನಿಗೆ ಗೊತ್ತು. ಉಳಿದವರಿಗೆ ಅದು 'ಹೆಸರು ತಿಳಿಯದ ಕಲಾವಿದರು'.

ಎರಡು ವಾರದ ಹಿಂದೆ ಮ್ಯಾನೇಜರು ಗೋಡೆಗೆ ಒಂದು ದೊಡ್ಡ ಗ್ರಾಫ್ ಹಚ್ಚಿದ್ದರು. ಕೇಳುಗರು ಫೋನ್ ಮಾಡಿ ಹಿಡಿಸಿತೋ ಇಲ್ಲವೋ ಹೇಳಬೇಕು. ನಿಲಯದಲ್ಲಿ ಫೋನ್ ಎತ್ತುವ ಚಿಕ್ಕಮ್ಮ ಕರೆ ಬಂದ ಹೊತ್ತು ಬರೆದು, ಆ ಹೊತ್ತಿಗೆ ಏನು ಹೋಗುತ್ತಿದೆಯೋ ಅದರ ಕೆಳಗೆ ಕೂಡಿಸು ಇಲ್ಲವೇ ಕಳೆ ಗುರುತು ಹಾಕಬೇಕು. "ಕಥೆ ಕೇಳ್ತಾ ಕೂರಬೇಡಿ ಚಿಕ್ಕಮ್ಮ, ಒಂದೇ ಲೈನ್ ಇರೋದು. ಹಿಡಿಸ್ತಾ, ಇಲ್ವಾ, ಇಡಿ," ಎಂದು ತಾಕೀತು ಮಾಡಿದ್ದರು. ಮಾತಿಗೆ ಕೂತರೆ ಮಧ್ಯಾಹ್ನವಾದರೂ ಏಳದ ಚಿಕ್ಕಮ್ಮನಿಗೆ ಅದು ಬಾಯಿಗೆ ಬೀಗ ಜಡಿದಂತೆ ಆಗಿತ್ತು.

ಗ್ರಾಫ್ ಹೇಳಿದ್ದು ಇಷ್ಟು: ಗರಗಸಕ್ಕೆ ನೂರ ಎಂಬತ್ತೇಳು ಮೆಚ್ಚುಗೆ. ಕೊಳಲಿಗೆ ಇನ್ನೂರ ಹನ್ನೆರಡು ಬೈಗುಳ. ಬರುವ ಸೋಮವಾರದಿಂದ ಕೊಳಲು ಬಂದ್, ಗರಗಸ ದಿನಕ್ಕೆರಡು ಸಲ. ಮ್ಯಾನೇಜರಿಗೆ ಗರಗಸ ಕೇಳಿದರೆ ದವಡೆ ನೋಯುತ್ತಿತ್ತು, ಆದರೆ ಅಂಕಿಯ ಮುಂದೆ ತನ್ನ ದವಡೆ ಯಾವ ಲೆಕ್ಕ ಎನ್ನುವಷ್ಟು ಪ್ರಾಮಾಣಿಕ ಮನುಷ್ಯ. ಹಾಡಕ್ಕ ಎರಡು ವಾರ ನೆಲದಿಂದ ಒಂದು ಗೇಣು ಮೇಲೆಯೇ ಓಡಾಡಿದ್ದಳು.

ಈಗ ಅಡುಗೆಮನೆಯಲ್ಲಿ ಅತ್ತೆ ಒಲೆ ಆರಿಸಿದರು. ಕೈ ತೊಳೆದರು, ಸೆರಗಿಗೆ ಒರೆಸಿಕೊಂಡರು. ಕನ್ನಡಕ ಹುಡುಕಿದರು, ಅದು ತಲೆಯ ಮೇಲೇ ಇತ್ತು.

"ಯಾರಿಗತ್ತೆ ಫೋನು?"

"ನಿಮ್ಮ ರೇಡಿಯೋಗೆ."

"ನಾನಿಲ್ಲೇ ಇದೀನಲ್ಲ, ನನಗೇ ಹೇಳಿ."

"ನಿನಗೆ ಹೇಳಿದ್ರೆ ಜಗಳ. ಫೋನಲ್ಲಿ ಹೇಳಿದ್ರೆ ಅಭಿಪ್ರಾಯ," ಎಂದು ಅತ್ತೆ ನಂಬರು ಒತ್ತಿದರು. ಲೈನ್ ಬಿಡುವಿರಲಿಲ್ಲ. ಮತ್ತೆ ಒತ್ತಿದರು. ಆರನೆಯ ಸಲಕ್ಕೆ ಸಿಕ್ಕಿತು. "ಹಿಡಿಸ್ಲಿಲ್ಲ," ಎಂದು ಇಟ್ಟರು.

ಅಷ್ಟು ಹೊತ್ತಿಗೆ ಗರಗಸ ಮುಗಿದು ಕೊಳಲು ಬಂದಿತ್ತು. ಅತ್ತೆ ಮೆಲ್ಲಗೆ ಕೂತು ಕಣ್ಣು ಮುಚ್ಚಿದರು. "ಈ ಬೀಗದವನು ಊದಿದ್ರೆ ಮೊಣಕಾಲು ನೋವೂ ಸುಮ್ಮನಿರತ್ತೆ ಕಣೆ."

ಸೊಸೆ ಗೋಡೆ ಗಡಿಯಾರ ನೋಡಿದಳು. ಒಂಬತ್ತು ಇಪ್ಪತ್ತೊಂದು ದಾಟಿತ್ತು. ಕೈಯಲ್ಲಿದ್ದ ಬಿಸಿನೀರು ತಣ್ಣಗಾಗಿತ್ತು.

ಮರುದಿನ ಬೆಳಿಗ್ಗೆ ಬೇಗ ಹೋಗಿ ಚಿಕ್ಕಮ್ಮನ ಪುಸ್ತಕ ತೆಗೆದಳು. ಬುಧವಾರ, 9:21:10, ಹೆಂಗಸು, ಕಳೆ. ಗುರುತು ಬಿದ್ದಿದ್ದು ಕೊಳಲಿನ ಕೆಳಗೆ. ಅತ್ತೆಯ ಬೈಗುಳ ಮನೆಯಿಂದ ಹೊರಟು ನಿಲಯ ಸೇರಲು ನಾಲ್ಕು ನಿಮಿಷ ಹತ್ತು ಸೆಕೆಂಡು ತೆಗೆದುಕೊಂಡಿತ್ತು. ಗರಗಸದ ಉದ್ದ ಸರಿಯಾಗಿ ನಾಲ್ಕು ನಿಮಿಷ. ಎಲ್ಲ ಮನೆಯಲ್ಲೂ ಒಲೆ ಇರುತ್ತದೆ, ಕನ್ನಡಕ ಕಳೆದಿರುತ್ತದೆ. ಇನ್ನೂರ ಹನ್ನೆರಡು ಬೈಗುಳ ಗರಗಸದ್ದು. ಹಾಗಾದರೆ ಗರಗಸದ ನೂರ ಎಂಬತ್ತೇಳು ಮೆಚ್ಚುಗೆ? ಅದಕ್ಕೆ ಮುಂಚಿನ ಜೋಗುಳದ್ದು. ತರಕಾರಿ ದರಕ್ಕೆ ನೂರ ನಲವತ್ತಮೂರು ಮೆಚ್ಚುಗೆ ಬಂದು, ಅದನ್ನು ಕಾಲು ಗಂಟೆಗೆ ಬೆಳೆಸುವ ಯೋಜನೆ ಮ್ಯಾನೇಜರ ಮೇಜಿನ ಮೇಲಿತ್ತು. ಆ ಮೆಚ್ಚುಗೆ ಕೊಳಲಿನದು. ಬದನೆಕಾಯಿಯ ಬೆಲೆ ಕೇಳಿ ಯಾರು ತಾನೇ ಕರಗಿಹೋಗುತ್ತಾರೆ.

ಪುಸ್ತಕ ಮುಚ್ಚಿಟ್ಟಳು. ಯಾರಿಗೂ ಹೇಳಲಿಲ್ಲ. ಒಬ್ಬರ ಮನೆಯ ಒಂದು ಗಡಿಯಾರದಿಂದ ಏನೂ ಸಿದ್ಧವಾಗುವುದಿಲ್ಲ ಎಂದು ತನಗೆ ತಾನೇ ಪಾಠ ಹೇಳಿಕೊಂಡಳು. ವಿಜ್ಞಾನ ಓದಿದವರಿಗೆ ಸುಳ್ಳು ಹೇಳುವುದು ಕಷ್ಟ, ಇನ್ನೂ ಸಾಕ್ಷಿ ಬೇಕು ಎನ್ನುವುದು ಸುಲಭ.

ಒಂಬತ್ತಕ್ಕೆ ಬೀಗದ ತಾತ ಬಂದ. ಕೊಳಲಿನ ಚೀಲದ ಜೊತೆ ಸಲಕರಣೆ ಪೆಟ್ಟಿಗೆಯನ್ನೂ ತಂದಿದ್ದ. ಸ್ಟುಡಿಯೋ ಬಾಗಿಲ ಚಿಲಕಕ್ಕೆ ಎಣ್ಣೆ ಬಿಡುತ್ತಾ ಕೂತ.

"ಸೋಮವಾರದಿಂದ ನಾನಿಲ್ವಲ್ಲ, ಇದು ಕಿರುಗುಟ್ಟಿದ್ರೆ ನಿನಗೇ ತೊಂದ್ರೆ," ಎಂದ. ಆಮೇಲೆ ಚಿಲಕವನ್ನೇ ನೋಡುತ್ತಾ, "ಅಷ್ಟು ಕೆಟ್ಟದಾಗಿ ಊದ್ತೀನಾ ಮಗಳೇ? ಇನ್ನೂರು ಜನ ಅಂತೆ. ಅಂಗಡೀಲಿ ಕೂತಾಗ ಯಾರೂ ಹೇಳ್ಲಿಲ್ಲ ನೋಡು."

ಹಾಡಕ್ಕನಿಗೆ ನೆಗಡಿ ಇನ್ನೂ ಇತ್ತು, ಮೂಗು ಒರೆಸಿಕೊಂಡಳು.

"ನಿನ್ನ ಗರಗಸಕ್ಕೆ ಜನ ಮೆಚ್ಚಿದಾರಲ್ಲ, ಅದೊಂದು ಸಂತೋಷ," ಎಂದ ತಾತ. "ನನಗೇನೋ ಅದು ಕೇಳಿದ್ರೆ ಕೀಲಿ ತಪ್ಪು ಬೀಗದಲ್ಲಿ ತಿರುಗ್ದಂಗೆ ಅನ್ಸತ್ತೆ. ನನ್ನ ಕಿವಿಗೆ ವಯಸ್ಸಾಯ್ತು ಬಿಡು."

ಅವಳಿಗೆ ಆ ಮಾತು ಚುಚ್ಚಿದ್ದು ಸುಳ್ಳಲ್ಲ. ಆದರೆ ಮೆಚ್ಚದಿದ್ದರೂ ಹಲ್ಲು ಮೊಂಡು ಮಾಡಿಕೊಟ್ಟ ಕೈ ಅದು. ತಾತ ಒಳಗೆ ಊದಲು ಹೋದಾಗ ಅವಳು ಮರುದಿನದ ಪಟ್ಟಿ ತೆಗೆದು ಪೆನ್ಸಿಲ್ ಹಿಡಿದಳು.

ಶುಕ್ರವಾರ ಒಂಬತ್ತು ನಲವತ್ತಕ್ಕೆ 'ಮ್ಯಾನೇಜರ ನಾಲ್ಕು ಮಾತು' ಇರುತ್ತಿತ್ತು. ಮೊದಲೇ ಧ್ವನಿಮುದ್ರಿಸಿಟ್ಟ, ಸರಿಯಾಗಿ ನಾಲ್ಕು ನಿಮಿಷದ, ಸಜ್ಜನಿಕೆಯ ಮಾತು. ಹಾಡಕ್ಕ ಅದನ್ನು ಎತ್ತಿ ಒಂಬತ್ತು ಇಪ್ಪತ್ತೊಂದಕ್ಕೆ ಹಾಕಿದಳು, ಗರಗಸದ ಬೆನ್ನಿಗೇ. ಕೊಳಲನ್ನು ಅದರ ಹಿಂದೆ ಸರಿಸಿದಳು. ಕೇಳಿದವರಿಗೆ, "ಹೆಚ್ಚು ಜನ ಕೇಳೋ ಹೊತ್ತು, ಸಾರ್ ಮಾತು ವ್ಯರ್ಥವಾಗಬಾರದು," ಎಂದಳು. ಸುದ್ದಿ ತಿಳಿದ ಮ್ಯಾನೇಜರು ಬಂದು ಧನ್ಯವಾದವನ್ನೂ ಹೇಳಿಹೋದರು.

ಶನಿವಾರ ಬೆಳಿಗ್ಗೆ ಅವರು ಗ್ರಾಫಿನ ಮುಂದೆ ನಿಂತವರು ಅಲುಗಲಿಲ್ಲ.

"ಚಿಕ್ಕಮ್ಮ, ಇದೇನು? ನನಗೆ ಮೂವತ್ತಾರು ಕಳೆ?"

"ಬಂದಿದ್ದು ಬರೆದೆ," ಎಂದರು ಚಿಕ್ಕಮ್ಮ. "ಕಥೆ ಕೇಳಬೇಡಿ ಅಂದಿದ್ರಲ್ಲ ಸಾರ್. ಒಬ್ಬರು ಮಾತ್ರ ಇಡೋ ಮುಂಚೆ ಹೇಳೇಬಿಟ್ರು, ಇದನ್ನ ಕೇಳಿ ನಮ್ಮ ನಾಯಿ ಮಂಚದ ಕೆಳಗೆ ಹೋಗಿದೆ ಅಂತ."

"ನನ್ನ ಮಾತು ಕೇಳಿಯಾ?"

"ಯಾವುದನ್ನ ಕೇಳಿ ಅಂತ ಕೇಳೋ ಹಾಗಿಲ್ವಲ್ಲ ಸಾರ್."

ಮ್ಯಾನೇಜರು ಹಾಡಕ್ಕನ ಕಡೆ ತಿರುಗಿದರು. "ಈ ಎಣಿಕೇಲಿ ಏನೋ ತಪ್ಪಿದೆ."

ಕೊಳಲಿಗೆ ಇನ್ನೂರ ಹನ್ನೆರಡು ಬಿದ್ದಾಗ ಹೊಳೆಯದ ಅನುಮಾನ ತಮಗೇ ಮೂವತ್ತಾರು ಬಿದ್ದೊಡನೆ ಅವರಿಗೆ ಹೊಳೆದಿತ್ತು. ಹಾಡಕ್ಕ ನಗು ನುಂಗಿ, ಸ್ಟಾಪ್‌ವಾಚ್ ಮೇಜಿನ ಮೇಲಿಟ್ಟು, ಒಲೆ, ಕೈ, ಕನ್ನಡಕ, ಆರು ಸಲದ ಡಯಲು ಎಲ್ಲವನ್ನೂ ವಿವರಿಸಿದಳು. ಚಿಕ್ಕಮ್ಮ ಅಲ್ಲೇ, ಫೋನಿನಲ್ಲಿ ಉಳಿದಿದ್ದ ನಿನ್ನೆಯ ನಂಬರು ನೋಡಿ ಇಪ್ಪತ್ತು ಮನೆಗಳಿಗೆ ಫೋನ್ ಮಾಡಿ, ಎರಡು ವಾರದಿಂದ ಕಟ್ಟಿಟ್ಟಿದ್ದ ಮಾತನ್ನೆಲ್ಲ ಬಿಚ್ಚಿ ವಿಚಾರಿಸಿದರು. ಹದಿನೆಂಟು ಮನೆಯವರು ಬೈದದ್ದು ಗರಗಸವನ್ನೇ. ಉಳಿದಿಬ್ಬರು ನಿಜವಾಗಿಯೂ ಮ್ಯಾನೇಜರನ್ನು. ಅದನ್ನು ಚಿಕ್ಕಮ್ಮ ಹೇಳಲಿಲ್ಲ.

ಇನ್ನು ಮುಂದೆ ಪ್ರತಿ ಕರೆಯಿಂದ ನಾಲ್ಕು ನಿಮಿಷ ಹತ್ತು ಸೆಕೆಂಡು ಹಿಂದೆ ಸರಿದು ಗುರುತು ಹಾಕಬೇಕೆಂದು ನಿಯಮವಾಯಿತು. ಗ್ರಾಫಿನ ಹಳೆಯ ಗುರುತುಗಳೂ ಒಂದೊಂದು ಚೌಕ ಹಿಂದೆ ಸರಿದವು. ಕೊಳಲು ಉಳಿಯಿತು. ಗರಗಸಕ್ಕೆ ಸೋಮವಾರ ಕೊನೆಯ ದಿನ.

"ಆ ಕಲಾವಿದರಿಗೆ ಬೇಜಾರಾಗತ್ತೇನೋ," ಎಂದರು ಮ್ಯಾನೇಜರು, ದವಡೆ ಸವರಿಕೊಳ್ಳುತ್ತಾ. "ನೀವೇ ನಯವಾಗಿ ಹೇಳಿಬಿಡಿ."

"ಹೇಳ್ತೀನಿ ಸಾರ್."

ಭಾನುವಾರ ಅವಳು ಅತ್ತೆಗೆ ನಿಜ ಹೇಳಿದಳು. ಅತ್ತೆ ಬಹಳ ಹೊತ್ತು ಸೊಸೆಯ ಮೊಣಕಾಲುಗಳನ್ನೇ ನೋಡಿದರು, ಅಲ್ಲಿ ಗರಗಸ ಕೂತಿರುವಂತೆ.

"ಮೊದಲೇ ಹೇಳೋದಲ್ವೇನೆ."

"ಹೇಳಿದ್ರೆ ಹಿಡಿಸ್ತಿತ್ತಾ ಅತ್ತೆ?"

"ಇಲ್ಲ. ಆದ್ರೆ ಫೋನ್ ಮಾಡ್ತಿರ್ಲಿಲ್ಲ."

ಸೋಮವಾರ ಹಾಡಕ್ಕ ಚಿಕ್ಕಮ್ಮನ ಪಕ್ಕದಲ್ಲೇ ಕೂತು ತನ್ನ ಗರಗಸವನ್ನು ಕೊನೆಯ ಸಲ ಕೇಳಿದಳು. ಮೊದಲ ಸ್ವರ ಏಳುತ್ತಿದ್ದಂತೆಯೇ ಫೋನ್ ಹೊಡೆದುಕೊಂಡಿತು. ಚಿಕ್ಕಮ್ಮ ಎತ್ತಿದರು. ಪಕ್ಕಕ್ಕೂ ಕೇಳಿಸುವ ಪರಿಚಿತ ಕಂಠ, ಒಲೆಯ ಸದ್ದಿಲ್ಲ, ಕನ್ನಡಕದ ಹುಡುಕಾಟವಿಲ್ಲ. "ಹಿಡಿಸ್ತು," ಎಂದು ಇಟ್ಟಿತು.

ಚಿಕ್ಕಮ್ಮ ಪೆನ್ನು ಹಿಡಿದು ಹಾಡಕ್ಕನನ್ನು ನೋಡಿದರು. "ನಿಯಮ ಪ್ರಕಾರ ನಾಲ್ಕು ನಿಮಿಷ ಹಿಂದೆ ಹೋಗ್ಬೇಕು. ಇದು ಜೋಗುಳಕ್ಕೆ ಬೀಳತ್ತೆ. ಬರೀಲಾ, ಬಿಡ್ಲಾ?"

"ನಿಯಮ ಅಂದ್ರೆ ನಿಯಮ. ಜೋಗುಳಕ್ಕೇ ಬರೀರಿ," ಎಂದಳು ಹಾಡಕ್ಕ.

ಚಿಕ್ಕಮ್ಮ ಬರೆದರು. ಹಾಡಕ್ಕ ಮಾತ್ರ ತನ್ನ ಕೈಪುಸ್ತಕದ ಕೊನೆಯ ಪುಟದಲ್ಲಿ, ಯಾರಿಗೂ ತೋರಿಸದೆ, ಗರಗಸ ಶುರುವಾದ ಹೊತ್ತಿಗೂ ಆ ಕರೆ ಬಂದ ಹೊತ್ತಿಗೂ ನಡುವಿನ ಅಂತರ ಗುರುತಿಸಿಕೊಂಡಳು: ಮೂರು ಸೆಕೆಂಡು.