ಇಟ್ಟಿಗೆಯ ಮೇಲೆ ಆರು ಹೆಜ್ಜೆ

"ಎತ್ತಿ" ಎಂದು ವೀಬೆ ಪಿಸುಗುಟ್ಟಿದ. ಆರು ಮಂದಿ ನೆರೆಯವರು ಒಟ್ಟಿಗೆ ಬಗ್ಗಿ ಡೌವೆಯ ಶವಪೆಟ್ಟಿಗೆಯನ್ನು ಹೆಗಲಿಗೇರಿಸಿದರು. ಮುಂದಿನ ಎಡಮೂಲೆ ಫೋಲ್ಕರ್ಟನದು. ಗೋಡೆಗೆ ಗೋಡೆ ತಾಗಿದ ಮನೆಯವನು ಅಲ್ಲೇ ಹೆಗಲು ಕೊಡಬೇಕು. ಮಣ್ಣು ಮಾಡಿದ ಮೇಲೆ ಕಾಫಿಯ ಹೊತ್ತಿಗೆ ಸತ್ತವನ ಬಗ್ಗೆ ನಾಲ್ಕು ಮಾತಾಡಬೇಕಾದವನೂ ಅವನೇ. ಅರವತ್ತೆಂಟರ ಫೋಲ್ಕರ್ಟನಿಗೆ ಪೆಟ್ಟಿಗೆ ಭಾರವೆನಿಸಲಿಲ್ಲ. ಆ ನಾಲ್ಕು ಮಾತನ್ನು ಮಾತ್ರ ಮೂರು ದಿನದಿಂದ ಚೀಟಿಯಲ್ಲಿ ಬರೆದು ಹೊಡೆದುಹಾಕುತ್ತಲೇ ಇದ್ದ.

ಗುಂಡಿಗೆ ಇಳಿಸುವ ಮೊದಲು ಚರ್ಚಿಗೆ ಮೂರು ಸುತ್ತು ಬರಬೇಕು. ವೀಬೆಯ ಬಾಯಿ ಮೊದಲ ಸುತ್ತಿಗೇ ಶುರುವಾಯಿತು.

"ಗುಂಡಿ ತೋಡೋನ ಸನಿಕೆ ಪೂರಾ ಮೊಂಡಂತೆ ಕಣ್ರೋ. ಡೌವೆನೇ ಹರಿತ ಮಾಡ್ಕೊಟ್ಟು ಹೋಗಿರ್ಬೇಕು."

ಹಿಂದೆ ಯಾರೋ ಮೂಗಿನಲ್ಲೇ ನಕ್ಕರು. ನಮ್ಮೂರಲ್ಲಿ ಬ್ರೆಡ್ಡು ಕೊಯ್ಯಲಾರದ ಚಾಕುವಿಗೆ 'ಡೌವೆ ಹರಿತ' ಎಂದೇ ಹೆಸರು. ಅದು ಎಲ್ಲಿಂದ ಬಂತೆಂದು ತಿಳಿಯದ ಮಕ್ಕಳೂ ಹಾಗೇ ಅನ್ನುತ್ತವೆ. ಊರಿನ ಬಾಯಿಗೆ ಆ ಮಾತನ್ನು ಹಾಕಿದವನು ಫೋಲ್ಕರ್ಟ್. ಅವನು ತಲೆ ತಗ್ಗಿಸಿ ನಡೆದ. ಅವನ ಕಿವಿ ಕೆಂಪಾಗಿದ್ದನ್ನು ಕಂಡವರು ಚಳಿಗೆ ಎಂದುಕೊಂಡರು.

*

ಮೂವತ್ತೆಂಟು ವರ್ಷಗಳ ಹಿಂದೆ ಮಂಜುಗಡ್ಡೆಯ ಮೇಲೆ ಜಾರುತ್ತ ಓಡುವ ಊರಿನ ಓಟಗಾರರ ಸ್ಕೇಟುಗಳೆಲ್ಲ ಹರಿತಕ್ಕೆಂದು ಡೌವೆಯ ಶೆಡ್ಡಿನಲ್ಲಿ ತೂಗುತ್ತಿದ್ದವು. ಓಟದ ಸ್ಕೇಟಿನ ಅಲಗು ಪಾದಕ್ಕಿಂತ ಉದ್ದ, ಬೆರಳಿಗಿಂತ ತೆಳು. ಡೌವೆ ಜೋಡಿಯನ್ನು ಮಗುಚಿ ಚೌಕಟ್ಟಿಗೆ ಬಿಗಿದು, ಸಾಣೆಕಲ್ಲನ್ನು ಒಂದೇ ಲಯದಲ್ಲಿ ಎಳೆಯುತ್ತಿದ್ದ. ಕೊನೆಗೆ ಹೆಬ್ಬೆರಳಿನ ಉಗುರನ್ನು ಅಂಚಿಗೆ ತಾಗಿಸಿ, ಉಗುರಿನ ಸಿಪ್ಪೆ ಎದ್ದು ಬಂದರೆ ಮಾತ್ರ ಸರಿ ಎಂದು ತಲೆಯಾಡಿಸುತ್ತಿದ್ದ. ಆ ವರ್ಷ ಕಾಲುವೆ ಗಟ್ಟಿಯಾಗಿ ಹೆಪ್ಪುಗಟ್ಟಿತು. ದೊಡ್ಡ ಓಟದಲ್ಲಿ ಫೋಲ್ಕರ್ಟನೇ ಮುಂದಿದ್ದ.

ಕೊನೆಯ ಸೇತುವೆಯ ಕೆಳಗೆ ಮಂಜುಗಡ್ಡೆ ತೆಳುವಾಗಿತ್ತು. ಅಂಥ ಕಡೆ ದಡ ಹತ್ತಿ, ಸ್ಕೇಟು ಬಿಚ್ಚದೆ, ಹಾಸಿದ ಹಳೇ ಕಂಬಳಿಗಳ ಮೇಲೆ ನಡೆದು ಆಚೆ ಇಳಿಯಬೇಕು. ಕಂಬಳಿ ಹಾಸಿದ ದಾರಿ ಸುತ್ತು ಬಳಸಿ ಹೋಗಿತ್ತು. ಬೆನ್ನ ಹಿಂದೆ ಪಕ್ಕದೂರಿನವನ ಉಸಿರು ಕೇಳುತ್ತಿತ್ತು. ಫೋಲ್ಕರ್ಟ್ ಕಂಬಳಿ ಬಿಟ್ಟು ಇಟ್ಟಿಗೆ ಹಾಸಿನ ಮೇಲೆ ಅಡ್ಡ ಹಾಯ್ದ. ಆರೇ ಹೆಜ್ಜೆ. ಇಟ್ಟಿಗೆ ತಾಗಿದರೆ ಅಲಗಿನ ಹರಿತ ಹೋಯಿತೆಂದೇ ಲೆಕ್ಕ; ನಮ್ಮಲ್ಲಿ ನಡೆಯಲು ಕಲಿತ ಕೂಸೂ ಆ ಕೆಲಸ ಮಾಡುವುದಿಲ್ಲ.

ಮುಂದಿನ ತಿರುವಿನಲ್ಲಿ ಅಲಗು ಹಿಡಿಯಲಿಲ್ಲ. ಅವನು ಹೊಟ್ಟೆಯಡಿಯಾಗಿ ಜಾರಿ ಹುಲ್ಲಿನ ದಡಕ್ಕೆ ಬಡಿದ. ಗೆಲ್ಲಬೇಕಾದವನು ಒಂಬತ್ತನೆಯವನಾಗಿ ಬಂದಾಗ ಊರಿಗೆ ಊರೇ ಸುತ್ತುವರಿದು ಏನಾಯಿತೆಂದು ಕೇಳಿತು.

"ಡೌವೆ ಸರಿಯಾಗಿ ಹರಿತ ಮಾಡಿರ್ಲಿಲ್ಲ" ಅಂದುಬಿಟ್ಟ.

ಮರುದಿನ ಡೌವೆಯೇ ಬಂದ. ಬಾಗಿಲಲ್ಲೇ ನಿಂತು ಸ್ಕೇಟನ್ನು ಕಣ್ಣಿಗೆ ಹಿಡಿದು, ಮುಕ್ಕಾದ ಅಂಚಿನಲ್ಲಿ ಕೂತ ಕೆಂಪು ಪುಡಿಯನ್ನು ಉಗುರಿನಿಂದ ಕೆರೆದ. ಫೋಲ್ಕರ್ಟನ ಮುಖ ನೋಡಿದ. ಸರಿ ಮಾಡಿಕೊಡುತ್ತೇನೆ ಎಂದಷ್ಟೇ ಹೇಳಿ ಒಯ್ದ. ಮಧ್ಯಾಹ್ನದೊಳಗೆ ಸ್ಕೇಟು ಹೊಸದರಂತೆ ಹೊಸ್ತಿಲಲ್ಲಿತ್ತು. ಆಮೇಲೂ ಫೋಲ್ಕರ್ಟ್ ಊರವರ ಮುಂದೆ ತನ್ನ ಮಾತು ಬದಲಿಸಲಿಲ್ಲ. ಆ ಚಳಿಗಾಲ ಮುಗಿಯುವಷ್ಟರಲ್ಲಿ ಊರವರು ಸ್ಕೇಟುಗಳನ್ನು ಪಕ್ಕದೂರಿಗೆ ಕೊಂಡೊಯ್ಯತೊಡಗಿದ್ದರು. ಡೌವೆ ಶೆಡ್ಡಿಗೆ ಬೀಗ ಹಾಕಿ ಹಾಲಿನ ಕಾರ್ಖಾನೆಗೆ ಸೇರಿದ, ಕ್ಯಾನು ತೊಳೆಯಲಿಕ್ಕೆ.

*

ಮೂರನೆಯ ಸುತ್ತಿನಲ್ಲಿ ಡೌವೆಯ ಹೆಂಡತಿ ಇಮ್ಕೆ ಹಿಂದಿನಿಂದ ಬಂದು ಫೋಲ್ಕರ್ಟನ ಪಕ್ಕದಲ್ಲಿ ಹೆಜ್ಜೆ ಹಾಕಿದಳು. ಅವನತ್ತ ಮುಖ ತಿರುಗಿಸದೆಯೇ ಮಾತಾಡಿದಳು.

"ಇಟ್ಟಿಗೆ ಪುಡಿ ಇತ್ತು ಅಂತ ಅವತ್ತೇ ನಂಗೆ ಹೇಳಿದ್ರು. ನಾನು ಊರಿಗೆಲ್ಲ ಸಾರ್ತೀನಿ ಅಂತ ಹೊರಟೆ, ಬಿಡ್ಲಿಲ್ಲ. ಫೋಲ್ಕರ್ಟ್ ಕೆಟ್ಟವನಲ್ಲ, ಅವನಾಗೇ ಹೇಳ್ತಾನೆ, ಕಾಯೋಣ ಅಂದ್ರು."

ಫೋಲ್ಕರ್ಟ್ ಅವಳತ್ತ ತಿರುಗಿದ. ಪೆಟ್ಟಿಗೆ ಒಂದು ಕ್ಷಣ ವಾಲಿತು. ನೆಟ್ಟಗೆ ಹಿಡಿಯೋ ಮಾರಾಯ ಎಂದು ವೀಬೆ ಗದರಿದ.

"ಕಾದ್ರು" ಎಂದಳು ಇಮ್ಕೆ, ಹಿಂದೆ ಸರಿದಳು.

ಸಭಾಭವನದಲ್ಲಿ ಕಾಫಿ ಹಂಚಿ, ಸಕ್ಕರೆ ಬ್ರೆಡ್ಡಿನ ತಟ್ಟೆಗಳನ್ನು ಇಟ್ಟರು. ಫೋಲ್ಕರ್ಟ್ ಎದ್ದು ನಿಂತ. ಬರೆದು ತಂದ ಚೀಟಿಯನ್ನು ತೆಗೆಯಲೇ ಇಲ್ಲ. ಕಂಬಳಿ ಬಿಟ್ಟದ್ದು, ಆರು ಹೆಜ್ಜೆ, ಕೆಂಪು ಪುಡಿ, ಎಲ್ಲವನ್ನೂ ಹೇಳಿದ.

"ಡೌವೆ ಹರಿತದಲ್ಲಿ ತಪ್ಪಿರ್ಲಿಲ್ಲ. ಸುಳ್ಳು ಹೇಳಿದ್ದು ನಾನು. ಆ ಮನುಷ್ಯನ ಬದುಕು ಹಾಳು ಮಾಡಿದ್ದೂ ನಾನೇ."

 ಆಮೇಲೆ ವೀಬೆ ಎದ್ದ. ಅವನ ಕಣ್ಣು ಒದ್ದೆಯಾಗಿತ್ತು. ನೆರೆಯವನೆಂದರೆ ಹೀಗಿರಬೇಕು ಎಂದ.

"ಸತ್ತೋನ ಮಾನ ಉಳಿಸೋಕೆ ಆ ಸೋಲನ್ನ ತನ್ನ ತಲೆ ಮೇಲೇ ಹಾಕ್ಕೊಂಡ ನೋಡ್ರಪ್ಪ. ನಮ್ಮಲ್ಲಿ ಯಾರಿಗೆ ಬರುತ್ತೆ ಈ ಬುದ್ಧಿ?"

ಅಲ್ಲ, ನಿಜವಾಗಿಯೂ ನಡೆದದ್ದೇ ಹಾಗೆ ಎಂದು ಫೋಲ್ಕರ್ಟ್ ಕೂಗಿದ. ಬೇಡ ಬಿಡಪ್ಪಾ, ನಮಗೆ ಗೊತ್ತು ಎಂದು ಯಾರೋ ಬೆನ್ನು ಸವರಿದರು. ಅವನು ಇಮ್ಕೆಯತ್ತ ತಿರುಗಿದ, ನೀನಾದರೂ ಹೇಳು ಎನ್ನುವಂತೆ. ಅವಳು ಹೇಳಿದಳು ಕೂಡ, ಎರಡು ಸಲ. ಪಾಪ, ಗಂಡನ ಮೇಲಿನ ಪ್ರೀತಿ ಎಂದು ಹೆಂಗಸರು ಅವಳ ಕಪ್ಪಿಗೆ ಇನ್ನಷ್ಟು ಕಾಫಿ ಸುರಿದರು.

ಹೊರಡುವ ಮುಂಚೆ ಎಲ್ಲರೂ ಕೈಕುಲುಕಲು ಸಾಲು ನಿಂತರು. ಇಮ್ಕೆಯ ಮುಂದೆ ಏಳೆಂಟು ಜನ. ಫೋಲ್ಕರ್ಟನ ಮುಂದಿನ ಸಾಲು ಬಾಗಿಲು ದಾಟಿ ಹೊರಗಿನ ಹಿಮದವರೆಗೂ ಇತ್ತು.