ಮಚ್ಚೇಂದ್ರ ಎತ್ತದ ಭಂಡಾರ

“ಖುರ್ಚಿ ಬಿಡ್ರಿ, ಸಾವಕಾರ್ರ. ನಿನ್ನೀಗಿ ನಿಮ್ಮ ಎರಡೂವರಿ ವರ್ಷ ಮುಗೀತು.”

“ಬಿಡೂದಿಲ್ಲ. ಏನ್ ಮಾಡ್ತಿ ಮಾಡ್ಕೊ.”

“ನಾ ಏನ್ ಮಾಡ್ಲಿ? ಮಾತು ಕೊಟ್ಟವರು ನೀವು.”

“ನೀ ಭಂಡಾರ ಎತ್ತಿದಿ ಏನ್? ಎಲ್ಲಾರೂ ಎತ್ತಿದ್ರು, ನೀ ಕೈ ಕಟ್ಕೊಂಡು ಕುಂತಿದ್ದಿ. ಭಂಡಾರ ಎತ್ತದವನ ಕೂಡ ಎಂಥಾ ಕರಾರ?”

ಈ ಮಾತು ಆಡಿದವನು ನಾನೇ. ಪುರಸಭೆಯ ಅಧ್ಯಕ್ಷ ಮಹಾರುದ್ರಪ್ಪ. ಎದುರಿಗೆ ನಿಂತಿದ್ದವನು ಉಪಾಧ್ಯಕ್ಷ ಮಚ್ಚೇಂದ್ರ. ಎಪ್ಪತ್ಮೂರರ ಏಪ್ರಿಲ್ ತಿಂಗಳು. ಫ್ಯಾನು ತಿರುಗುತ್ತಿರಲಿಲ್ಲ, ಕರೆಂಟು ಬೆಳಿಗ್ಗೆಯೇ ಹೋಗಿತ್ತು. ನನ್ನ ಮಾತು ಕೇಳಿ ಅವನು ಸಿಟ್ಟು ಮಾಡಿಕೊಳ್ಳಲಿಲ್ಲ. ನನ್ನ ಮುಖವನ್ನೇ ನೋಡಿದ. ಹಾಗೆ ನೋಡಿದ್ದಕ್ಕೆ ನನಗೆ ಇನ್ನಷ್ಟು ಸಿಟ್ಟು ಬಂತು. ಮೇಜಿನ ಮೇಲಿದ್ದ ಗಾಜಿನ ಗ್ಲಾಸನ್ನು ಗೋಡೆಗೆ ಎಸೆದೆ. ಅವನು ಚೂರುಗಳನ್ನು ದಾಟಿಕೊಂಡು ಹೊರಗೆ ಹೋದ.

ಭಂಡಾರದ ವಿಷಯ ಹೇಳಿಬಿಡುತ್ತೇನೆ. ನಮ್ಮದು ದೊಡ್ಡ ಊರಲ್ಲ. ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ಹೋಗುವ ಬಸ್ಸು ಇಲ್ಲಿ ಹತ್ತು ನಿಮಿಷ ನಿಲ್ಲುತ್ತದೆ, ಅಷ್ಟೇ. ನಾನು ಘಾಟಬೋರಾಳದ ಶಾಲೆಯಲ್ಲಿ ಏಳನೆಯ ಇಯತ್ತೆ ಓದಿ, ಇಲ್ಲಿಗೆ ಬಂದು ಕಿರಾಣಿ ಅಂಗಡಿ ಹಾಕಿದವನು. ಎಪ್ಪತ್ತರಲ್ಲಿ ಪುರಸಭೆಯ ಚುನಾವಣೆ ಆಯಿತು. ಒಟ್ಟು ಹನ್ನೊಂದು ಸದಸ್ಯರು. ವ್ಯಾಪಾರಿಗಳಾದ ನಾವು ಐದು ಮಂದಿ. ನಮ್ಮಲ್ಲಿ ಹಿರಿಯರು ಬಕ್ಕಪ್ಪನವರು, ಊರಿನ ಜೋಳ ತೊಗರಿಯೆಲ್ಲ ಅವರ ಕೋಠಿಗೇ ಹೋಗುವುದು. ಎದುರು ಪಾರ್ಟಿಯವರು ಮೂವರು. ಉಳಿದ ಮೂವರು ಮಚ್ಚೇಂದ್ರ ಮತ್ತು ಅವನ ಕಡೆಯ ಇಬ್ಬರು. ಅವನು ಸೊಲ್ಲಾಪುರದ ಮಿಲ್ಲಿನಲ್ಲಿ ದುಡಿದು ಬಂದ ಮನುಷ್ಯ. ಅವನ ತಾಯಿ ಸೋನುಬಾಯಿ ಪುರಸಭೆಯ ಸಫಾಯಿ ಕೆಲಸದವಳು, ಬಜಾರದ ರಸ್ತೆ ಗುಡಿಸುತ್ತಿದ್ದಳು.

ಆ ಮೂವರಿಲ್ಲದೆ ನಾನು ಅಧ್ಯಕ್ಷನಾಗುವಂತಿರಲಿಲ್ಲ. ಐದು ವರ್ಷದಲ್ಲಿ ಮೊದಲ ಅರ್ಧ ನನಗೆ, ಉಳಿದರ್ಧ ಅವನಿಗೆ ಎಂದು ಒಪ್ಪಂದವಾಯಿತು. ನಮ್ಮ ಕಡೆ ಇಂಥ ಮಾತಿಗೆ ಕಾಗದ ಬರೆಯುವುದಿಲ್ಲ. ಮೈಲಾರಲಿಂಗನ ಗುಡಿಯಲ್ಲಿ ಪತ್ರಿಯೆಲೆಯ ಮೇಲೆ ಅರಿಶಿನದ ಭಂಡಾರ ಇಟ್ಟು, ಅದನ್ನು ಅಂಗೈಯಲ್ಲಿ ಎತ್ತಿ ಆಣೆ ಮಾಡುತ್ತಾರೆ. ಎತ್ತಿ ತಪ್ಪಿದವನ ಮನೆಯ ನೀರು ಕುಡಿಯಬಾರದು ಅನ್ನುತ್ತಾರೆ. ನಾವೆಲ್ಲ ಎತ್ತಿದೆವು. ಭಂಡಾರದ ತಾಟು ಮಚ್ಚೇಂದ್ರನ ಮುಂದೆ ಬಂದಾಗ ಅವನು ಕೈ ಚಾಚಲಿಲ್ಲ.

“ನಾವು ಬೌದ್ಧ ಆದಮ್ಯಾಲ ಇದನ್ನ ಬಿಟ್ಟೀವ್ರಿ. ನನ್ನ ಮಾತು ಅದ, ತಗೋರಿ,” ಅಂದ.

ಬಕ್ಕಪ್ಪನವರು ಹುಬ್ಬು ಗಂಟು ಹಾಕಿದರು. ಆಗ ನಾನೇ ಮುಂದೆ ಬಿದ್ದು, ಅವನ ಮಾತು ನನಗೆ ಸಾಕು ಎಂದೆ. ಅಧ್ಯಕ್ಷಗಿರಿ ಕಣ್ಣಿಗೆ ಕಾಣಿಸುತ್ತಿತ್ತು, ಆವತ್ತು ಯಾವ ಮಾತಾದರೂ ನನಗೆ ಸಾಕಾಗುತ್ತಿತ್ತು.

ಮೊದಲ ವರ್ಷ ಚೆನ್ನಾಗಿ ನಡೆಯಿತು. ಎರಡು ಓಣಿಗೆ ನಳ ಹಾಕಿಸಿದೆ. ಬಸ್ ನಿಲ್ದಾಣದಿಂದ ಬಜಾರದವರೆಗೆ ಸಿಮೆಂಟಿನ ಗಟಾರ ಕಟ್ಟಿಸಿ, ಕಲ್ಲಿನ ಮೇಲೆ ನನ್ನ ಹೆಸರು ಕೆತ್ತಿಸಿದೆ. ದುಬಲಗುಂಡಿಯ ಬೀಗರು ಬಂದಾಗ ಆ ಕಲ್ಲಿನ ಮುಂದೆಯೇ ಅವರನ್ನು ನಿಲ್ಲಿಸಿ ಮಾತನಾಡಿಸುತ್ತಿದ್ದೆ.

ಎಪ್ಪತ್ತೆರಡರಲ್ಲಿ ಮಳೆ ಆಗಲಿಲ್ಲ. ಪುರಸಭೆಯ ಹೊಟ್ಟೆ ತುಂಬುತ್ತಿದ್ದುದು ಜಕಾತಿ ನಾಕಾದಿಂದ. ಊರೊಳಗೆ ಬರುವ ಗಾಡಿಗೆ, ಮೂಟೆಗೆ ತೆರಿಗೆ. ಆ ವರ್ಷ ಗಾಡಿಗಳೇ ಬರಲಿಲ್ಲ. ನಾಕಾದ ಅಡ್ಡಗೋಲು ದಿನವಿಡೀ ಮೇಲೆ ಎತ್ತಿದಂತೆಯೇ ಇರುತ್ತಿತ್ತು, ನಾಕೇದಾರ ಮಹೆಬೂಬ ಅದರ ನೆರಳಿನಲ್ಲಿ ಬೀಡಿ ಸೇದುತ್ತ ಕೂತಿರುತ್ತಿದ್ದ. ಇದ್ದಬದ್ದ ವ್ಯಾಪಾರ ಹುಮನಾಬಾದಿಗೆ ಹೋಯಿತು. ಅಂಗಡಿ ಇಟ್ಟವರೇ ಹೆಸರು ಮರೆಸಿಕೊಂಡು ಬರಗಾಲದ ಕಾಮಗಾರಿಗೆ ಕಲ್ಲು ಒಡೆಯಲು ಹೋದರು. ರಸ್ತೆಯ ದೀಪ ಒಂದು ಬಿಟ್ಟು ಒಂದು ಹಚ್ಚಿಸಿದೆ. ಆಮೇಲೆ ಅದನ್ನೂ ಬಿಟ್ಟೆ. ಹದಿನೆಂಟು ಮಂದಿ ಸಫಾಯಿ ಕೆಲಸದವರಿಗೆ ಪಗಾರ ತಡವಾಗತೊಡಗಿತು.

ಬಕ್ಕಪ್ಪನವರು ಎಂಟು ಮಂದಿಯನ್ನು ತೆಗೆದುಬಿಡು ಅಂದರು. ಮಚ್ಚೇಂದ್ರ ಬೇರೆ ದಾರಿ ಹೇಳಿದ. ಊರಲ್ಲಿ ಮಾಲು ತುಂಬಿಕೊಂಡ ಕೋಠಿಗಳಿವೆ, ಅವುಗಳ ಮೇಲೆ ತೆರಿಗೆ ಹಾಕೋಣ, ಹೊಟ್ಟೆ ತುಂಬಿದವರು ಒಂದು ವರ್ಷ ಊರನ್ನು ಸಾಕಲಿ ಅಂದ. ನಾನು ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಏಪ್ರಿಲ್ ಬಂದರೆ ಅವನೇ ಅಧ್ಯಕ್ಷ, ಆಗ ಅವನು ಈ ಕೆಲಸ ಮಾಡೇ ಮಾಡುತ್ತಾನೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಎಂಟು ಮನೆಯ ರೊಟ್ಟಿ ಆ ಒಂದು ಕುರ್ಚಿಯ ಮೇಲೆ ನಿಂತಿತ್ತು.

ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಬಕ್ಕಪ್ಪನವರು ನನ್ನ ಅಂಗಡಿಗೆ ಬಂದು ಗಾದಿಯ ಮೇಲೆ ಕೂತರು. ಎಲೆ ಅಡಿಕೆ ಹಾಕಿಕೊಂಡರು. ಆಮೇಲೆ ಮೆಲ್ಲಗೆ ಕೇಳಿದರು: “ಅಂವ ಭಂಡಾರ ಎತ್ತ್ಯಾನೇನೋ ಮಹಾರುದ್ರ? ಎತ್ತದವನಿಗೆ ಯಾಕ ಹೆದರ್ತಿ?”

ಇದು ನನಗೆ ಹೊಳೆದೇ ಇರಲಿಲ್ಲ. ಹೊಳೆದ ಮೇಲೆ ಮನಸ್ಸು ಹಗುರಾಯಿತು. ಸುಳ್ಳು ಯಾಕೆ ಹೇಳಲಿ, ಆ ರಾತ್ರಿ ಎರಡು ರೊಟ್ಟಿ ಹೆಚ್ಚಿಗೆ ತಿಂದೆ. ನನ್ನ ಹೆಂಡತಿ ತುಳಜಾಬಾಯಿಗೆ ವಿಷಯ ಹೇಳಿದೆ. ಆಕೆ ಬಡಿಯುತ್ತಿದ್ದ ರೊಟ್ಟಿಯಿಂದ ಕಣ್ಣು ಎತ್ತಲಿಲ್ಲ.

“ಅಂವ ಎತ್ತಿಲ್ಲ, ಖರೆ. ನೀವು ಎತ್ತೀರಲ್ಲ,” ಅಂದಳು.

ತಾಟು ಒದ್ದು ಎದ್ದುಹೋದೆ.

ಮಚ್ಚೇಂದ್ರನೊಡನೆ ಜಗಳವಾದ ವಾರದಲ್ಲೇ ಎಂಟು ಮಂದಿಯ ಪಟ್ಟಿಗೆ ಸಹಿ ಹಾಕಿದೆ. ಬಕ್ಕಪ್ಪನವರು ಬರೆದ ಪಟ್ಟಿಯಲ್ಲಿ ಸೋನುಬಾಯಿಯ ಹೆಸರು ಮೊದಲನೆಯದಿತ್ತು. ನಾನು ಅದನ್ನು ಹೊಡೆದು, ಅವಳ ಜೊತೆ ರಸ್ತೆ ಗುಡಿಸುತ್ತಿದ್ದ ಕಾಂತಾಬಾಯಿಯ ಹೆಸರು ಹಾಕಿದೆ. ಇಷ್ಟು ಮಾಡಿದರೆ ಮಚ್ಚೇಂದ್ರ ತಣ್ಣಗಾಗುತ್ತಾನೆ ಅಂದುಕೊಂಡೆ. ಮರುದಿನ ಸೋನುಬಾಯಿ ಅಂಗಡಿಯ ಕಟ್ಟೆಯ ಕೆಳಗೆ ಬಂದು ನಿಂತಳು. ಎಪ್ಪತ್ತರ ಹತ್ತಿರದ ಮುದುಕಿ, ಬೆನ್ನು ಬಾಗಿತ್ತು.

“ನನ್ನ ಹೆಸರ ಹಾಕ್ರಿ ಸಾವಕಾರ. ಕಾಂತಾಗ ಮೂರ ಕೂಸ ಅವ.”

“ಪಟ್ಟಿ ಬೀದರಕ್ಕ ಹೋಗ್ಯಾದ,” ಎಂದೆ.

ಪಟ್ಟಿ ನಾನು ಕೂತಿದ್ದ ಗಾದಿಯ ಕೆಳಗೇ ಇತ್ತು. ಸಂಜೆ ಅದನ್ನು ಕಳಿಸಿದೆ.

ಜೂನ್ ಕೊನೆಗೆ ಮಳೆ ಬಂತು. ಎಲ್ಲರೂ ಬೇಡಿಕೊಂಡ ಮಳೆ. ಆದರೆ ಎರಡು ತಿಂಗಳಿಂದ ಉಳಿದ ಹತ್ತು ಮಂದಿಯ ಕೈಗೆ ಸಾಲದೆ ಬಳಿಯದೇ ಇದ್ದ ಗಟಾರ ತುಂಬಿ, ಹೊಲಸು ನೀರು ನಳದ ಕಟ್ಟೆಗೆ ಬಂತು. ನಾನು ಹಾಕಿಸಿದ ನಳಕ್ಕೇ. ಎರಡು ಓಣಿಗಳಲ್ಲಿ ವಾಂತಿ ಭೇದಿ ಶುರುವಾಯಿತು. ಐದು ಜನ ಸತ್ತರು. ಅವರಲ್ಲಿ ಕಾಂತಾಬಾಯಿಯ ನಡುವಿನ ಕೂಸೂ ಒಂದು. ಮಣ್ಣಿಗೆ ಹೋಗಬೇಕು ಅಂದುಕೊಂಡೆ, ಚಪ್ಪಲಿ ಮೆಟ್ಟಿಕೊಂಡೆ, ಹೋಗಲಿಲ್ಲ.

ಊರು ಬೈಯತೊಡಗಿತು. ಊರಿನ ಬೈಗುಳ ತಮ್ಮ ಮೇಲೆ ಬರುವ ಮೊದಲೇ ಬಕ್ಕಪ್ಪನವರು ನನ್ನನ್ನು ಬಿಟ್ಟರು. ಭಂಡಾರ ಎತ್ತಿ ತಪ್ಪಿದವನು ಅಧ್ಯಕ್ಷನಾಗಿದ್ದರೆ ಊರಿಗೆ ಇನ್ನೇನಾಗುತ್ತದೆ ಎಂದು ಕಟ್ಟೆ ಕಟ್ಟೆಯ ಮೇಲೆ ಕೂತು ಹೇಳಿದರು. ನನಗೆ ಆ ದಾರಿ ತೋರಿಸಿದ ಬಾಯಿ ಅದೇ. ಅವಿಶ್ವಾಸದ ಗೊತ್ತುವಳಿ ಬಂತು. ನನ್ನನ್ನು ಇಳಿಸಲು ಮೂರರಲ್ಲಿ ಎರಡು ಪಾಲು, ಅಂದರೆ ಎಂಟು ಕೈ ಬೇಕು. ನಮ್ಮ ನಾಲ್ವರು ವ್ಯಾಪಾರಿಗಳು, ಎದುರು ಪಾರ್ಟಿಯ ಮೂವರು ಸೇರಿ ಏಳಾಗಿದ್ದವು. ಎಂಟನೆಯದು ಮಚ್ಚೇಂದ್ರನ ಕಡೆಯಿಂದಲೇ ಬರಬೇಕು.

ಸಭೆಯ ದಿನ ಅವನು ತನ್ನ ಇಬ್ಬರನ್ನು ಕರೆದುಕೊಂಡು ಬಂದು ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತ. ಬಕ್ಕಪ್ಪನವರು ಎದ್ದು ನಿಂತು, ಎಲ್ಲರಿಗೂ ಕೇಳುವಂತೆ, ಮುಂದಿನ ಅಧ್ಯಕ್ಷ ಮಚ್ಚೇಂದ್ರನೇ ಎಂದರು. ಇಷ್ಟು ದಿನ ಅವನಿಗೆ ಅನ್ಯಾಯ ಆಗಿದೆ ಎಂದೂ ಸೇರಿಸಿದರು. ಅವನ ಹೆಗಲ ಮೇಲೆ ಕೈ ಇಡಲು ಹೋದರು. ಅವನು ಹೆಗಲು ಸರಿಸಿಕೊಂಡು ಎದ್ದ.

“ಒಂದ ಮಾತು ಕೇಳ್ತೀನ್ರಿ ಬಕ್ಕಪ್ಪನೋರ. ಆ ಎಂಟ ಮಂದೀನ ತಿರುಗಿ ತಗೋತೀರೇನು?”

“ಮದಲ ನೀ ಖುರ್ಚಿ ಮ್ಯಾಲ ಕೂಡೋ ತಮ್ಮಾ. ಆಮ್ಯಾಲ ನೋಡೂಣು.”

ಮಚ್ಚೇಂದ್ರ ನನ್ನ ಕಡೆ ತಿರುಗಿದ. ಏಪ್ರಿಲಿನ ಜಗಳದ ಮೇಲೆ ಅವನು ನನ್ನೊಡನೆ ಮಾತನಾಡಿದ್ದು ಅದೇ ಮೊದಲು.

“ನೀವು ಹೇಳ್ರಿ, ಸಾವಕಾರ.”

ತಗೋತೀನಿ ಎಂಬ ಒಂದು ಮಾತು ಸಾಕಿತ್ತು. ನಾಲಿಗೆಯ ತುದಿಗೂ ಬಂದಿತ್ತು. ಆದರೆ ಅದನ್ನು ಹೇಳಿದರೆ ಕೋಠಿಗಳ ಮೇಲೆ ತೆರಿಗೆ ಹಾಕಬೇಕಾಗುತ್ತದೆ, ನನ್ನ ಅಂಗಡಿಗೆ ಬಕ್ಕಪ್ಪನ ಕೋಠಿಯಿಂದ ಬರುವ ಮಾಲು ನಿಲ್ಲುತ್ತದೆ. ಹೇಳಿಯೂ ಇವನು ಕೈ ಎತ್ತಿಬಿಟ್ಟರೆ ಎರಡೂ ಹೋಗುತ್ತವೆ. ನಾನು ಗಿರಾಕಿಯ ಮುಂದೆ ಕೂತ ವ್ಯಾಪಾರಿಯ ಹಾಗೆ ತೂಗಿ ನೋಡಿದೆ.

“ಇವತ್ತ ಮದಲ ನನ್ನ ಉಳಸು. ಆಮ್ಯಾಲ ನೋಡೂಣು,” ಎಂದೆ.

ಎದುರು ಪಾರ್ಟಿಯವನೊಬ್ಬ ಫಕ್ಕನೆ ನಕ್ಕ. ಮಚ್ಚೇಂದ್ರ ನಗಲಿಲ್ಲ. ನನ್ನನ್ನೂ ಬಕ್ಕಪ್ಪನನ್ನೂ ಒಂದೇ ರೀತಿ ನೋಡಿದ. ಕೆಟ್ಟ ಮಾತು ಒಂದೂ ಆಡಲಿಲ್ಲ. ಆಡಿದ್ದರೆ ನಾನೂ ಒಂದಕ್ಕೆರಡು ಆಡಿ ಹಗುರಾಗುತ್ತಿದ್ದೆ. ಅವನು ಕುರ್ಚಿಯನ್ನು ಗೋಡೆಗೆ ಸರಿಸಿ ಬಾಗಿಲ ಕಡೆ ನಡೆದ. ಅವನ ಇಬ್ಬರೂ ಹಿಂದೆಯೇ ಎದ್ದರು. ಚೀಫ್ ಆಫೀಸರು ಮತದಾನ ಆಗುವವರೆಗೆ ಕೂಡಬೇಕು ಎಂದು ಕೂಗಿದರು. ಮೆಟ್ಟಿಲು ಇಳಿಯುವ ಸಪ್ಪಳವಷ್ಟೇ ಕೇಳಿಸಿತು.

ಅರ್ಧ ತಾಸು ಕಾದೆವು. ಬಕ್ಕಪ್ಪ ಎರಡು ಸಲ ಆಳು ಕಳಿಸಿದ. ನಾನೂ ಒಂದು ಸಲ ಮಹೆಬೂಬನನ್ನು ಕಳಿಸಿದೆ. ಕೊನೆಗೆ ಚೀಫ್ ಆಫೀಸರು ಏಳು ಕೈ ಎಣಿಸಿ, ಗೊತ್ತುವಳಿ ಬಿದ್ದುಹೋಯಿತು ಎಂದು ಬರೆದರು. ನಾನು ಅಧ್ಯಕ್ಷನಾಗಿಯೇ ಉಳಿದೆ. ಒಬ್ಬರೂ ನನಗೆ ಕೈ ಮುಗಿಯದೆ ಎದ್ದುಹೋದರು.

ಮುಂದೆ ಪ್ರತಿ ಸಭೆಯಲ್ಲೂ ಹಾಜರಿ ಕೂಗುವಾಗ ಅವನ ಹೆಸರು ಬರುತ್ತಿತ್ತು. ನಾನು ಬಾಗಿಲ ಕಡೆ ನೋಡುತ್ತಿದ್ದೆ. ನನ್ನ ಅವಧಿ ಮುಗಿಯುವವರೆಗೂ ಮಚ್ಚೇಂದ್ರ ಆ ಮೆಟ್ಟಿಲು ಹತ್ತಲಿಲ್ಲ.